ಅರವತ್ತೈದನೇ ಸರದಿ

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಯಾರು?... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಬ್ರೆಡ್ ಕತ್ತರಿಸೋ ಯಂತ್ರ ಓಡ್ತಿದೆ... ಓ, ವಲೇರೊನಾ! ಯಾಕೋ ದನಿ ಹಿಂಗಾಗಿದೆ? ನೆಗಡಿಯಾ?... ನೆಗಡಿ ಅಲ್ವಾ? ಹಾಗಾದ್ರೆ ಸಿಟ್ಟು."

ಎಂಗ್ರಾಸಿಯಾ ಒಂದು ಕೈಯಲ್ಲಿ ರಿಸೀವರ್ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಯಂತ್ರ ನಿಲ್ಲಿಸಿದಳು. ಮಧ್ಯಾಹ್ನ ಹನ್ನೆರಡೂವರೆ. ಫುವೆನ್‌ಸೆಕಾ ಊರಿಗಿರುವ ಒಂದೇ ಬೇಕರಿಯಲ್ಲಿ ಜನ ಬಟ್ಟೆಚೀಲ ಹಿಡಿದು ಬ್ರೆಡ್ಡಿಗೆ ನಿಲ್ಲುವ ಹೊತ್ತು. ವಲೇರೊ ಅಂದರೆ ಊರಿನ ಮೇಯರ್. ಅದಕ್ಕೂ ಮೊದಲು ಎಂಗ್ರಾಸಿಯಾಳ ತೀರಿಹೋದ ಗಂಡನ ತಮ್ಮ. ಹನ್ನೊಂದು ವರ್ಷದಿಂದ ಕುರ್ಚಿಗೆ ಅಂಟಿಕೊಂಡಿರುವ ಈ ಮಹಾನುಭಾವ ಅತ್ತಿಗೆಗೆ ಫೋನ್ ಮಾಡುವುದು ಚುನಾವಣೆಯ ಹಿಂದಿನ ವಾರದಲ್ಲಿ ಮಾತ್ರ. ಈಗ ಚುನಾವಣೆ ಇರಲಿಲ್ಲ. ಸಾಲಿನಲ್ಲಿದ್ದ ಐದಾರು ಜನ ತಮ್ಮ ತಮ್ಮಲ್ಲಿ ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಕಿವಿ ನಿಮಿರಿಸಿ ನಿಂತರು.

"ಎಲ್ಲಿಂದ ಮಾತಾಡ್ತಿದ್ದೀಯ?... ಸರಗೋಸಾ? ಹೋಟೆಲ್ಲಾ? ಅದೇ ಅಂದ್ಕೊಂಡೆ, ಹಿಂದೆ ತಟ್ಟೆ ಚಮಚದ ಸದ್ದು ಕೇಳ್ತಿದೆ. ಯಾರು ಹಾಕಿಸ್ತಿರೋದು ಊಟ?... ಹಾಂ, ಕಂಪನಿಯೋರು. ಕುರಿಮರಿ ರೋಸ್ಟಾ?... ತಿನ್ನಪ್ಪ, ತಿನ್ನು. ತಣ್ಣಗಾದ್ರೆ ಕೊಬ್ಬು ಗಟ್ಟಿಯಾಗ್ಬಿಡುತ್ತೆ."

"...ಯಾವ ಅರ್ಜಿ?... ಓ, ಅದಾ! ಹೌದು ಕಣೋ, ಕೊಟ್ಟಿದ್ದೀವಿ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಸುನ್ ಬಂದು ಬಾಗಿಲು ತೆಗೆದ ತಕ್ಷಣ... ಎಷ್ಟಾ? ಅರವತ್ತನಾಲ್ಕು... ಅರವತ್ತನಾಲ್ಕು ಅಂದೆ! ಮನೆಗೊಂದು. ಒಂದೊಂದಕ್ಕೂ ಸೀಲು ಬಿದ್ದಿದೆ, ಆವಕದ ರಿಜಿಸ್ಟರಲ್ಲಿ ನಂಬರ್ ಬಿದ್ದಿದೆ."

ಅಸುನ್ ಪುರಸಭೆಯ ಕಾರ್ಯದರ್ಶಿ. ಮೂರು ಊರಿಗೆ ಒಬ್ಬಳೇ. ಫುವೆನ್‌ಸೆಕಾಕ್ಕೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಹಾಗೆ ಬಂದಾಗ ಎಂಗ್ರಾಸಿಯಾಳ ಅಂಗಡಿಯಲ್ಲಿ ಒಂದು ಬ್ರೆಡ್ ಕೊಳ್ಳುತ್ತಾಳೆ. ಮೂರು ವಾರದ ಹಿಂದೆ ಬ್ರೆಡ್ ಸುತ್ತಿಕೊಡುತ್ತಾ ಎಂಗ್ರಾಸಿಯಾ ಒಂದು ಪ್ರಶ್ನೆ ಕೇಳಿದ್ದಳು, ಅಸುನ್ ಉತ್ತರ ಕೊಟ್ಟಿದ್ದಳು. ಪ್ರಶ್ನೆ ಸರಳವಾಗಿತ್ತು. ಊರಲ್ಲಿ ಯಾರೇ ಗೋಡೆ ಎಬ್ಬಿಸಲಿ, ಹೆಂಚು ಬದಲಿಸಲಿ, ಖರ್ಚಿನ ನೂರಕ್ಕೆ ನಾಲ್ಕರಂತೆ ಪುರಸಭೆಗೆ ಕಟ್ಟಡ ತೆರಿಗೆ ಕಟ್ಟಬೇಕು. ಊರಾಚೆಯ ಬಯಲಿನಲ್ಲಿ ಭಾರೀ ಡೇಟಾ ಸೆಂಟರ್ ಕಟ್ಟಲು ಬಂದಿರುವ ಕಂಪನಿಗೆ ಮಾತ್ರ ಆ ತೆರಿಗೆಯಲ್ಲಿ ನೂರಕ್ಕೆ ತೊಂಬತ್ತೈದು ಮಾಫಿಯಂತೆ, ಅದು ಹೇಗೆ? ಉತ್ತರವೂ ಸರಳವಾಗಿತ್ತು. ಕಟ್ಟಡದಿಂದ ಊರಿಗೆ ವಿಶೇಷ ಹಿತವಿದೆ ಎಂದು ಅರ್ಜಿ ಹಾಕಬೇಕು, ಸಭೆಯಲ್ಲಿ ಸದಸ್ಯರು ಕೈ ಎತ್ತಬೇಕು, ಅಷ್ಟೇ. ಅರ್ಜಿ ಯಾರು ಹಾಕಬಹುದು? ಯಾರು ಬೇಕಾದರೂ ಹಾಕಬಹುದು. ಹನ್ನೊಂದು ವರ್ಷದಲ್ಲಿ ವಲೇರೊ ಈ ಮಾತನ್ನು ಊರಲ್ಲಿ ಒಬ್ಬನಿಗೂ ಹೇಳಿರಲಿಲ್ಲ. ಕೇಳುವವರೂ ಇರಲಿಲ್ಲ ಅನ್ನಿ.

"...ತಮಾಷೆನಾ? ನನ್ನ ಒಲೆಯ ಚಿಮಣಿ ಬಿದ್ದಾಗ ಹೊಸದು ಕಟ್ಟಿಸಿದ್ನಲ್ಲ, ಆಗ ನೀನು ಪೂರ್ತಿ ತೆರಿಗೆ ವಸೂಲಿ ಮಾಡಿದೆ. ಎಂಟು ದಿನ ತಡ ಆಯ್ತು ಅಂತ ದಂಡ ಬೇರೆ. ನಿಮ್ಮಣ್ಣ ಸತ್ತು ತಿಂಗಳಾಗಿರ್ಲಿಲ್ಲ. ಅವತ್ತು ನಾನು ತಮಾಷೆ ಮಾಡ್ತಿದ್ದೀಯಾ ಅಂತ ಕೇಳಿದ್ನಾ? ಕೇಳ್ಲಿಲ್ಲ ಅಲ್ವಾ? ಆ ತೆರಿಗೆ ವಾಪಸ್ ಕೊಡು ಅಂತಾನೇ ನನ್ನ ಅರ್ಜಿ."

"...ಹಾಂ, ಪಸ್ಕ್ವಾಲಾದು ಬಚ್ಚಲುಮನೆ. ವಿಶೇಷ ಹಿತ ಇಲ್ವಾ? ಎಂಬತ್ತು ವರ್ಷದ ಹೆಂಗಸು ಜಾರಿ ಬೀಳದೆ ಸ್ನಾನ ಮಾಡೋದು ಊರಿಗೆ ಹಿತ ಅಲ್ವಾ?... ಇಲಾರಿಯೊನ ಕೋಳಿಗೂಡಾ? ಅದು ಉದ್ಯೋಗ ಸೃಷ್ಟಿ. ನಗಬೇಡ, ಅರ್ಜೀಲಿ ಹಾಗೇ ಬರೆದಿದ್ದೀವಿ. ಹನ್ನೆರಡು ಕೋಳಿಗೆ ಖಾಯಂ ಕೆಲಸ, ಹುಂಜ ಮೇಲ್ವಿಚಾರಕ. ಹದಿಮೂರೂ ಇದೇ ಊರಲ್ಲಿ ಹುಟ್ಟಿದ್ದು. ನಿನ್ನ ಕಂಪನಿ ಎಷ್ಟು ಜನಕ್ಕೆ ಕೊಡುತ್ತಂತೆ, ಹೇಳು ನೋಡೋಣ?"

ಸಾಲಿನಲ್ಲಿ ಎರಡನೆಯವನಾಗಿ ನಿಂತಿದ್ದ ಇಲಾರಿಯೊ ಎದೆಯುಬ್ಬಿಸಿ ಪಕ್ಕದವರನ್ನು ನೋಡಿದ.

"...ಮುನ್ನೂರು ಅಂತ ಚೌಕದಲ್ಲಿ ಮೈಕು ಹಿಡಿದು ಹೇಳಿದ್ದು ನೀನು. ಕಾಗದದಲ್ಲಿ ಎಷ್ಟಿದೆ?... ಓದಿದ್ದೀನಿ, ಅದಕ್ಕೇ ಕೇಳ್ತಿರೋದು. ಮೂವತ್ತು. ಮೂವತ್ತರಲ್ಲಿ ಇಪ್ಪತ್ತೆಂಟು ಜನ ಮ್ಯಾಡ್ರಿಡ್‌ನಿಂದ ಬರೋರು. ನಮಗೆ ಎರಡು. ಗೇಟು ತೆಗೆಯೋಕೆ ಒಬ್ಬ, ಹಾಕೋಕೆ ಒಬ್ಬ... ಪರೋಕ್ಷ ಉದ್ಯೋಗ! ಅಂದ್ರೆ ಏನೋ ಅದು? ಅವರು ನಮ್ಮೂರಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯೋದಾ? ಕುಡೀಲಿ. ಕಾಫಿಗೂ ನೂರಕ್ಕೆ ತೊಂಬತ್ತೈದು ಮಾಫಿ ಕೇಳದಿದ್ರೆ ಸಾಕು."

ಕಾಫಿಯ ಮಾತಿಗೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಂಗ್ರಾಸಿಯಾ ನಗಲಿಲ್ಲ. ಅವಳ ಎದುರಿಗೆ, ತಕ್ಕಡಿಯ ಮೇಲಿನ ಮೊಳೆಗೆ, ಆರೋಗ್ಯ ಇಲಾಖೆಯ ಕಾಗದ ನೇತಾಡುತ್ತಿತ್ತು. ಸುತ್ತಲ ಹಂದಿ ಫಾರಂಗಳ ಗಲೀಜು ನೆಲಕ್ಕಿಳಿದು ಊರಿನ ಬಾವಿಯ ನೀರು ಕೆಟ್ಟು ಒಂಬತ್ತು ವರ್ಷವಾಗಿತ್ತು. ಕುಡಿಯುವಂತಿಲ್ಲ, ಅಡುಗೆಗೆ ಬಳಸುವಂತಿಲ್ಲ. ನೀರು ಶುದ್ಧ ಮಾಡುವ ಘಟಕ ಕಟ್ಟಿಸುತ್ತೇನೆಂದು ವಲೇರೊ ಎರಡು ಚುನಾವಣೆ ಗೆದ್ದಿದ್ದ, ದುಡ್ಡಿಲ್ಲ ಎಂದು ಎರಡು ಸಲವೂ ಕೈಚೆಲ್ಲಿದ್ದ. ಎಂಗ್ರಾಸಿಯಾ ದಿನವೂ ಬೆಳಗಿನ ಜಾವಕ್ಕೆ ಮೊದಲು ಹದಿನೆಂಟು ಕಿಲೋಮೀಟರ್ ಹೋಗಿ ಪಕ್ಕದೂರಿನ ಬುಗ್ಗೆಯಿಂದ ಕ್ಯಾನುಗಳಲ್ಲಿ ನೀರು ತಂದು ಹಿಟ್ಟು ಕಲಸುತ್ತಿದ್ದಳು. ಕ್ಯಾನಿನ ನೀರು ನಡೆಯುವುದಿಲ್ಲ, ಜೂನ್ ಮುಗಿಯುವುದರೊಳಗೆ ನಲ್ಲಿಯಲ್ಲಿ ಒಳ್ಳೆಯ ನೀರು ಬರದಿದ್ದರೆ ಬೇಕರಿ ಮುಚ್ಚಬೇಕು ಎಂದು ಆ ಕಾಗದ ಹೇಳುತ್ತಿತ್ತು. ಈಗ ಮೇ ತಿಂಗಳ ನಡು. ಕಂಪನಿ ಪೂರ್ತಿ ತೆರಿಗೆ ಕಟ್ಟಿದರೆ ಘಟಕ ಆಗಿಯೂ ದುಡ್ಡು ಮಿಗುತ್ತದೆ, ಕೆಲಸ ಶುರುವಾದರೆ ಗಡುವನ್ನೂ ಮುಂದೆ ಹಾಕುತ್ತಾರೆ ಎಂದು ಅಸುನ್ ಹೇಳಿದ್ದಳು.

"...ನಾಳೆ ಸಭೇಲಿ ಮೊದಲು ಅವರದ್ದು ತಗೊಂಡು ಆಮೇಲೆ ನಮ್ಮದಾ? ಯಾಕೆ? ಅವರ ಅರ್ಜಿ ಯಾವಾಗ ಬಂತು?... ಶುಕ್ರವಾರ ಮಧ್ಯಾಹ್ನ, ಕಂಪ್ಯೂಟರಲ್ಲಿ. ನಮ್ಮದು ಬೆಳಿಗ್ಗೆ. ಒಂದೇ ಥರದ ಅರ್ಜಿಗಳನ್ನ ಬಂದ ಸರದಿಯಲ್ಲೇ ತಗೋಬೇಕು ಅಂತ ಕಾನೂನಿದೆ. ಅಸುನ್‌ನ ಕೇಳು... ಕೇಳಿದ್ಯಾ? ಏನಂದ್ಲು?... ಹಾಂ. ಬರವಣಿಗೇಲಿ ಆಕ್ಷೇಪಣೆ ಹಾಕ್ತೀನಿ ಅಂದ್ಲಾ? ಒಳ್ಳೇ ಹುಡುಗಿ."

"...ನೋಡು ವಲೇರೊ, ನನ್ನ ಅಂಗಡಿಗೆ ಬಂದೋರು ಬಾಗಿಲಲ್ಲೇ ಏನು ಕೇಳ್ತಾರೆ? 'ಕೊನೆಯೋರು ಯಾರು' ಅಂತ. ನೀನೂ ಕೇಳ್ತೀಯ, ಪಾದ್ರಿನೂ ಕೇಳ್ತಾರೆ. ರಾಜರೇ ಬಂದು ನಿಂತ್ರೂ ಕೇಳ್ಬೇಕು. ಕೇಳಿ, ಆ ಕೊನೆಯೋರ ಹಿಂದೆ ನಿಲ್ಬೇಕು. ನಿನ್ನ ಕಂಪನಿ ಬಂದು ಕೇಳಿತ್ತಾ? ಇಲ್ಲ. ಈಗ ನಾನೇ ಹೇಳ್ತೀನಿ ಕೇಳು. ಕೊನೆಯೋನು ಇಲಾರಿಯೊ, ಅರವತ್ತನಾಲ್ಕು. ಅವನ ಕೋಳಿಗೂಡಿನ ಹಿಂದೆ ನಿಂತ್ಕೊಳ್ಳೋಕೆ ಹೇಳು, ಅರವತ್ತೈದು."

"...ಹೌದು, ಒಂದೊಂದಕ್ಕೂ ಬೇರೆ ಬೇರೆ ಕೈ ಎತ್ತಬೇಕು. ಸಂಬಂಧಿಕರ ಅರ್ಜಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗ್ಬೇಕು. ಈ ಊರಲ್ಲಿ ಯಾರು ಯಾರಿಗೆ ಸಂಬಂಧ ಇಲ್ಲ? ನನ್ನ ಚಿಮಣಿ ಬಂದಾಗ ನೀನು ಹೊರಗೆ. ಪಸ್ಕ್ವಾಲಾ ಬಚ್ಚಲಿಗೆ ಇಬ್ಬರು ಹೊರಗೆ. ಇಡೀ ಸಂಜೆ ಏಳು ಜನ ಬಾಗಿಲಲ್ಲಿ ಹೊಕ್ಕು ಹೊರಡ್ತಾ ಇರಿ, ನಾವು ಬೆಂಚಲ್ಲಿ ಕೂತು ನೋಡ್ತೀವಿ. ನಾಳೆ ಅಂಗಡಿ ಬೇಗ ಮುಚ್ತೀನಿ, ಎಲ್ಲರೂ ಬರ್ತಾರೆ."

"...ನಮಗೇನು ಬೇಕು ಅಂತಾ? ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ನಮಗೆ ಮಾಫಿ ಬೇಡ ಕಣೋ. ಅರವತ್ತನಾಲ್ಕು ಜನಕ್ಕೂ ಆಗಲ್ಲ ಅನ್ನು. ನಮ್ಮ ಮುಖ ನೋಡ್ಕೊಂಡು, ಒಂದೊಂದೇ ಹೆಸರು ಓದಿ, ಆಗಲ್ಲ ಅನ್ನು. ಅದಾದ್ಮೇಲೆ ಅರವತ್ತೈದನೆಯೋರಿಗೆ ಮಾತ್ರ ಆಗುತ್ತೆ ಅಂತ ಕೈ ಎತ್ತು. ಎತ್ತೋ ಧೈರ್ಯ ಇದ್ರೆ."

ಆ ಕಡೆಯಿಂದ ಮಾತು ಬಹಳ ಹೊತ್ತು ಹರಿಯಿತು. ಎಂಗ್ರಾಸಿಯಾ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಒಬ್ಬಳಿಗೆ ಬ್ರೆಡ್ ಸುತ್ತಿಕೊಟ್ಟಳು. ವಲೇರೊ ಏನು ಹೇಳುತ್ತಾನೆಂದು ಅವಳಿಗೆ ಮೊದಲೇ ಗೊತ್ತಿತ್ತು. ದೊಡ್ಡವರ ಊಟ ಉಂಡು ಬಂದವರೆಲ್ಲ ಹೇಳುವುದು ಅದನ್ನೇ.

"...ಬಿಟ್ಟು ಹೋಗ್ತಾರಾ? ಎಲ್ಲಿಗೆ?... ಪಕ್ಕದೂರಿಗಾ? ಅಲ್ಲಿ ಬುಗ್ಗೆ ಇದೆ, ಕರೆಂಟಿನ ದೊಡ್ಡ ತಂತಿ ಇಲ್ಲ. ಅವರು ನಿನ್ನ ಮುಖ ನೋಡಿ ಬಂದಿದ್ದಾರೆ ಅಂದ್ಕೊಂಡಿದ್ದೀಯಾ? ನಮ್ಮ ಬಯಲ ಮೇಲೆ ಹೋಗಿರೋ ಆ ತಂತಿ ನೋಡಿ ಬಂದಿದ್ದಾರೆ. ತಂತಿಗೆ ಕಾಲಿಲ್ಲ, ಎಲ್ಲೂ ಹೋಗಲ್ಲ. ಅವರೂ ಹೋಗಲ್ಲ. ಹೋಗ್ತೀವಿ ಅಂತ ಎದ್ದು ನಿಂತ್ರೆ ಸಾಕು, ನೀನು ಚಡ್ಡಿ ಒದ್ದೆ ಮಾಡ್ಕೊಳ್ತೀಯ. ಅದು ಅವರಿಗೆ ಗೊತ್ತಾಗಿದೆ."

"...ಶಾಲೆಗೆ ಕಂಪ್ಯೂಟರಾ? ಎಷ್ಟು?... ಆರು. ಜಾತ್ರೆ ದಿನ ಎಲ್ಲರಿಗೂ ಪಾಯೆಯ್ಯಾ ಅನ್ನ, ಟೀ ಶರ್ಟು. ಮೂಗಿಗೆ ತುಪ್ಪ ಸವರೋದಾದ್ರೂ ಸ್ವಲ್ಪ ಧಾರಾಳವಾಗಿ ಸವರೋಕೆ ಹೇಳೋ. ಜಗತ್ತಲ್ಲೇ ದೊಡ್ಡ ಕಂಪನಿ ಅಂತೀಯ, ಒಂದು ಬಾಣಲೆ ಅನ್ನಕ್ಕೆ ಇಡೀ ಊರನ್ನ ಕೊಳ್ಳೋಕೆ ಬಂದಿದೆ. ನನಗೆ ಊರಿನ ಬಗ್ಗೆ ಅಲ್ಲ, ಅವರನ್ನ ನೋಡಿದ್ರೇ ನಾಚಿಕೆ ಆಗುತ್ತೆ."

"...ಯಾರು? ಕಂಪನಿಯೋರಾ? ಪಕ್ಕದಲ್ಲೇ ಇದ್ದಾರಾ? ಕೊಡು. ಕೊಡೋ, ನಾನೇನು ಕಚ್ಚಲ್ಲ."

ಅಷ್ಟರಲ್ಲಿ ಬಾಗಿಲ ಮಣಿಪರದೆ ಸರಿಸಿ ಟ್ರ್ಯಾಕ್ಟರ್ ರಿಪೇರಿಯ ಬ್ರೌಲಿಯೊ ಒಳಗೆ ಬಂದ. ಕೊನೆಯವರು ಯಾರೆಂದು ಕೇಳಿ, ತಿಳಿದುಕೊಂಡು, ಅವರ ಹಿಂದೆ ನಿಂತ. ಅವನು ಬಂದದ್ದೇ ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳು ಸದಸ್ಯರಲ್ಲಿ ವಲೇರೊ ಸೇರಿ ಅವನ ಕಡೆಯವರು ನಾಲ್ವರು, ಆ ನಾಲ್ಕನೆಯ ಕೈ ಬ್ರೌಲಿಯೊನದು. ಮಾತು ಕಡಿಮೆ. ನಾಲ್ಕು ವರ್ಷದಲ್ಲಿ ಸಭೆಯಲ್ಲಿ ಅವನು ಬಾಯಿ ತೆರೆದದ್ದು ಆಕಳಿಸಲು ಮಾತ್ರ ಎಂದು ಊರವರು ಆಡಿಕೊಳ್ಳುತ್ತಿದ್ದರು. ವಲೇರೊ ಕೈ ಎತ್ತಿದರೆ ಇವನೂ ಎತ್ತುತ್ತಿದ್ದ.

"ಹಲೋ, ಯಾರು ತಾವು?... ದೊನ್ ಬೆಲ್ತ್ರಾನ್. ನಮಸ್ಕಾರ ಸ್ವಾಮಿ. ಊಟ ಆಯ್ತಾ?... ಒಳ್ಳೇದು... ಹೌದು, ನಾನೇ ಎಂಗ್ರಾಸಿಯಾ, ಬೇಕರಿಯವಳು... ಅಯ್ಯೋ, ನನ್ನ ಬ್ರೆಡ್ ಬಗ್ಗೆ ಮ್ಯಾಡ್ರಿಡ್ ತನಕ ಸುದ್ದಿ ಬಂದಿದೆಯಾ? ಬೆಣ್ಣೆ ಆಮೇಲೆ ಹಚ್ಚೋಣ ಸ್ವಾಮಿ, ವಿಷಯ ಹೇಳಿ."

"...ಹಾಂ... ಹಾಂ... ಕಟ್ಟಡ ಕೆಲಸದೋರಿಗಾ?... ಎಷ್ಟು ಅಂದ್ರಿ?... ದಿನಕ್ಕೆ ಆರುನೂರು ಬ್ರೆಡ್ಡಾ?... ದಿನಾನೂ?... ಮೂರು ವರ್ಷ..."

ಎಂಗ್ರಾಸಿಯಾ ಈಗ ಸುಡುತ್ತಿದ್ದುದು ದಿನಕ್ಕೆ ನೂರಾಹತ್ತು. ಆರುನೂರು ಅಂದರೆ ಹೊಸ ಒಲೆ, ಕೈಕೆಳಗೆ ಇಬ್ಬರು ಆಳು, ಈ ಸೊಂಟನೋವಿಗೆ ವಾರಕ್ಕೊಂದು ದಿನದ ರಜೆ. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಆಸೆಯಾಯಿತು. ಆಸೆಯಾದದ್ದು ಅವಳ ಮುಖದಲ್ಲಿ ಎಲ್ಲರಿಗೂ ಕಾಣಿಸಿತು, ಕಾಣಿಸಿದೆ ಎಂದು ಅವಳಿಗೂ ಗೊತ್ತಾಯಿತು. ಅವಳು ಗೋಡೆಯ ಕಡೆ ತಿರುಗಿ ನಿಂತಳು.

"...ಅದಕ್ಕೆ ನಾನೇನು ಮಾಡ್ಬೇಕು?... ಅರ್ಜಿ ವಾಪಸ್. ನಂದೊಂದೇನಾ, ಎಲ್ಲರದ್ದೂನಾ?... ನಾನು ಹೇಳಿದ್ರೆ ಕೇಳ್ತಾರೆ, ನಿಜ. ನಾನೇ ಬರೆಸಿದ್ದು... ಆದ್ರೆ ಸ್ವಾಮಿ, ಜೂನ್ ಮುಗಿದ ಮೇಲೆ ನನ್ನ ಬಾಗಿಲಿಗೆ ಬೀಗ ಬೀಳುತ್ತೆ. ಆರುನೂರು ಬ್ರೆಡ್ಡಿಗೆ ಯಾವ ನೀರಲ್ಲಿ ಹಿಟ್ಟು ಕಲಸ್ಲಿ?"

"...ನೀವು ಕೊಡ್ತೀರಾ? ಎಲ್ಲಿಂದ?... ಆರೋಗ್ಯ ಇಲಾಖೆಗೂ ನೀವೇ ಕಾಗದ ಬರೀತೀರಾ?... ಸ್ವಲ್ಪ ನಿಲ್ಲಿ. ಇನ್ನೊಂದ್ಸಲ ಹೇಳಿ, ನಿಧಾನಕ್ಕೆ... ನೀರು ಶುದ್ಧ ಮಾಡೋ ಘಟಕ... ನಿಮ್ಮದೇ?... ಬೇಲಿ ಒಳಗೆ?... ಅದು ಮೊದಲಿಂದ ನಕ್ಷೇಲೇ ಇದೆಯಾ?"

"...ಯಂತ್ರ ತಣ್ಣಗೆ ಮಾಡೋಕೆ ನೀರು ಬೇಕು, ಅದು ಗೊತ್ತು. ನಮ್ಮ ಬಾವಿ ನೀರು ಇದೆಯಲ್ಲ?... ಹಾಂ?... ಆ ನೀರು ಹಾಕಿದ್ರೆ ಏನಾಗುತ್ತೆ?... ಯಂತ್ರ ಹಾಳಾಗುತ್ತಾ?"

ಎಂಗ್ರಾಸಿಯಾ ಮತ್ತೆ ಅಂಗಡಿಯ ಕಡೆ ತಿರುಗಿದಳು. ಆ ಮಹಾಶಯ ಪಾಪ ಉಪಕಾರವೆಂದೇ ಹೇಳಿದ್ದ. ಗೇಟಿನ ಹತ್ತಿರ ಒಂದು ನಲ್ಲಿ ಹಾಕಿಸಿಕೊಡುತ್ತೇವೆ, ನಿಮ್ಮ ವ್ಯಾನಿನಲ್ಲಿ ಬಂದು ತುಂಬಿಸಿಕೊಂಡು ಹೋಗಬಹುದು ಎಂದು. ತಾನು ಏನು ಹೇಳಿದೆನೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವಳ ಆಸೆ ಅಷ್ಟು ಹೊತ್ತಿಗೆ ಇಳಿದುಹೋಗಿತ್ತು. ಅದರ ಜಾಗದಲ್ಲಿ ಬಂದದ್ದು ಸಿಟ್ಟೂ ಅಲ್ಲ, ಬರೀ ಹೇಸಿಗೆ. ಅವಳು ಒಂದೊಂದೇ ಮಾತನ್ನು ಬಿಡಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ ಸ್ವಾಮಿ. ನಮ್ಮ ಬಾವಿ ನೀರು ನಿಮ್ಮ ಯಂತ್ರಗಳಿಗೆ ಆಗಿಬರಲ್ಲ. ಅದಕ್ಕೆ ಅವಕ್ಕೆ ಬೇಲಿ ಒಳಗೆ ಶುದ್ಧ ನೀರು. ಒಂಬತ್ತು ವರ್ಷದಿಂದ ಅದೇ ನೀರು ನಮ್ಮ ನಲ್ಲೀಲಿ ಬರ್ತಿದೆ, ಅದು ಪರವಾಗಿಲ್ಲ... ತಡೀರಿ, ಮುಗಿಸ್ತೀನಿ. ನಮ್ಮ ಊರಿಗೆ ಕಟ್ಟಬೇಕಾದ ತೆರಿಗೆ ಮಾಫಿ ಮಾಡಿಸ್ಕೊಂಡು, ಆ ದುಡ್ಡಲ್ಲಿ ನೀವು ಯಂತ್ರಕ್ಕೆ ನೀರು ಕುಡಿಸ್ತೀರ. ನಾವು ನಿಮ್ಮ ಗೇಟಲ್ಲಿ ಕ್ಯಾನು ಹಿಡ್ಕೊಂಡು ನಿಲ್ಲೋಕೆ ಅಪ್ಪಣೆ. ಅದೂ ಊರಿಗೆಲ್ಲ ಅಲ್ಲ. ನನಗೊಬ್ಬಳಿಗೆ. ಬಾಯಿ ಮುಚ್ಕೊಂಡಿದ್ರೆ. ಸರಿ ಇದೆಯಾ?"

"...ಇಲ್ಲ ಸ್ವಾಮಿ, ತಪ್ಪು ತಿಳ್ಕೊಂಡಿಲ್ಲ. ನಿಮ್ಮಷ್ಟು ಓದಿಲ್ಲ, ನೀರು ಯಾವುದು ಗಲೀಜು ಯಾವುದು ಅಂತ ಗೊತ್ತಾಗುತ್ತೆ. ಆರುನೂರು ಬ್ರೆಡ್ ಬೇರೆ ಎಲ್ಲಾದ್ರೂ ಸುಡಿಸ್ಕೊಳ್ಳಿ. ನನ್ನ ಒಲೆ ಆರೋದಾದ್ರೆ ಜೂನಲ್ಲೇ ಆರ್ಲಿ. ಫೋನು ನನ್ನ ಮೈದುನನಿಗೆ ಕೊಡಿ."

ಬಾಗಿಲ ಹತ್ತಿರ ನಿಂತಿದ್ದ ಬ್ರೌಲಿಯೊ ಟೋಪಿ ತೆಗೆದು ಕಂಕುಳಲ್ಲಿ ಇರಿಸಿಕೊಂಡ. ಅವನ ಮಗಳಿಗೆ ನಾಲ್ಕು ತಿಂಗಳ ಕೂಸಿತ್ತು. ನಲ್ಲಿ ನೀರಲ್ಲಿ ಹಾಲಿನ ಪುಡಿ ಕದಡಿದರೆ ಕೂಸು ನೀಲಿಗಟ್ಟೀತು ಎಂದು ಡಾಕ್ಟರು ಹೆದರಿಸಿದಂದಿನಿಂದ ಅವನೂ ಬುಗ್ಗೆಗೆ ಹೋಗುತ್ತಿದ್ದ. ಇವತ್ತು ಅಲ್ಲಿಂದಲೇ ನೇರ ಬಂದಿದ್ದ.

"...ವಲೇರೊ, ನಿನಗೆ ಇದು ಗೊತ್ತಿತ್ತಾ?... ಘಟಕದ ವಿಷಯ ಕೇಳ್ತಿದ್ದೀನಿ. ಗೊತ್ತಿತ್ತಾ?... ಹೌದು ಅಥವಾ ಇಲ್ಲ, ಅಷ್ಟೇ ಹೇಳು... ತಾಂತ್ರಿಕ ವಿಷಯ! ನಕ್ಷೆಗೆ ಸಹಿ ಹಾಕ್ದೋನು ನೀನು. ಹಾಕ್ವಾಗ ಗೊತ್ತಿತ್ತು."

"...ಥೂ. ನಿಮ್ಮಣ್ಣ ಬದುಕಿದ್ದಿದ್ರೆ ಅಂತ ಹೇಳೋಕೂ ಮನಸ್ಸಿಲ್ಲ ನಂಗೆ. ನಿನ್ನ ಜೊತೆ ಅವನ ಹೆಸರು ಸೇರಿಸಬಾರದು... ಕೂಗಬೇಡ. ಹೋಟೆಲಲ್ಲಿ ದೊಡ್ಡ ಜನ ಇರ್ತಾರೆ, ಮರ್ಯಾದೆ."

"...ಯಾರ್ಯಾರು ಇದ್ದಾರೆ ಅಂತ ಈಗ ಕೇಳ್ತೀಯಲ್ಲ! ಅಂಗಡಿ ತೆರೆದಿದೆ ಕಣೋ, ಹನ್ನೆರಡೂವರೆಗೆ ಯಾರಿರ್ತಾರೋ ಅವರೆಲ್ಲ ಇದ್ದಾರೆ. ಇಲಾರಿಯೊ ಇದ್ದಾನೆ, ಮೇಷ್ಟರ ಹೆಂಡತಿ, ಪಸ್ಕ್ವಾಲಾ ಸೊಸೆ. ಬ್ರೌಲಿಯೊ ಇದ್ದಾನೆ... ಹೌದು, ಬ್ರೌಲಿಯೊ. ಎಲ್ಲಾ ಕೇಳಿಸ್ಕೊಂಡ."

"...ಕೊಡ್ತೀನಿ ಇರು. ಬ್ರೌಲಿಯೊ, ಮೇಯರ್ ಮಾತಾಡ್ಬೇಕಂತೆ, ತಗೋ... ತಗೊಳ್ಳೋ... ಇಲ್ಲ ವಲೇರೊ, ತಗೊಳ್ತಾ ಇಲ್ಲ. ಎರಡೂ ಕೈ ಜೇಬಿಗೆ ಹಾಕ್ಕೊಂಡ."

"...ಆಯ್ತು, ಕೇಳ್ತೀನಿ. ನಾಳೆ ಸಭೇಲಿ ಕಂಪನಿಗೆ ಕೈ ಎತ್ತುತ್ತೀಯಾ ಅಂತ ಕೇಳ್ತಿದ್ದಾನೆ ಬ್ರೌಲಿಯೊ. ಏನು ಹೇಳ್ಲಿ?"

ಬ್ರೌಲಿಯೊ ಮೊದಲು ಮೊಳೆಗೆ ನೇತಾಡುತ್ತಿದ್ದ ಕಾಗದವನ್ನು ನೋಡಿದ. ಆಮೇಲೆ ಎಂಗ್ರಾಸಿಯಾಳನ್ನು ನೋಡಿದ.

"...ಇಲ್ಲ, ಬಾಯಲ್ಲಿ ಏನೂ ಹೇಳ್ಲಿಲ್ಲ... ತಲೆ ಆಡಿಸ್ದ... ಆಡಿಸ್ದ ಅಂದೆ, ತಲೆ... ಹೇಗೆ ಅಂದ್ರೆ?... ಅಡ್ಡಡ್ಡ, ವಲೇರೊ. ಅಡ್ಡಡ್ಡ... ಇನ್ನೂ ಆಡಿಸ್ತಾನೇ ಇದ್ದಾನೆ... ಹಲೋ?... ಕೇಳಿಸ್ತಿದೆಯಾ? ಅಡ್ಡಡ್ಡ... ಹಲೋ..."